ಬರುತ್ತೇನೆ ಎಂದವಳು

"ಅನುಭವ?" ಎಂದು ಯಜಮಾನಿ ಕೇಳಿದಾಗ ಹುಡುಗಿಯ ದೃಷ್ಟಿ ಅವರ ಹೆಬ್ಬೆರಳಿನ ಮೇಲಿತ್ತು. ಅರ್ಜಿಯ ನಾಲ್ಕು ಪುಟಗಳಲ್ಲಿ ಮೂರನ್ನು ಆ ಬೆರಳು ನಿಧಾನವಾಗಿ ಮಗುಚಿ, ನಾಲ್ಕನೆಯದರಲ್ಲಿ ಏನನ್ನೂ ಬರೆಯದೆ ಬಿಟ್ಟಿದ್ದ ಒಂದು ಚೌಕದ ಮೇಲೆ ಬಂದು ನಿಂತಿತ್ತು.

"ಇಲ್ಲ. ನಾನು ಇದೇ ವರ್ಷ ಪದವಿಯನ್ನು ಪಡೆದಿದ್ದೇನೆ," ಎಂದಳು ಹುಡುಗಿ. ಆ ದೇಶದ ಭಾಷೆಯನ್ನು ಅವಳು ಕಲಿತದ್ದು ಪುಸ್ತಕದಿಂದ. ಆದ್ದರಿಂದ ವಿಭಕ್ತಿ ಪ್ರತ್ಯಯಗಳಲ್ಲಿ ಒಂದೂ ಲೋಪವಾಗದಂತೆ, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವವಳಂತೆ ಮಾತನಾಡುತ್ತಿದ್ದಳು.

ಅದು ತಕ್ಕಡಿಗಳನ್ನು ದುರಸ್ತಿ ಮಾಡಿ, ಅವುಗಳ ತೂಕ ಸರಿಯೋ ತಪ್ಪೋ ಎಂದು ಪರೀಕ್ಷಿಸಿಕೊಡುವ ಕಾರ್ಖಾನೆ. ಯಜಮಾನಿಯ ಕೋಣೆಗೂ ಕೆಲಸದ ಮನೆಗೂ ನಡುವೆ ಒಂದು ಗಾಜಿನ ಗೋಡೆ. ಅದರಾಚೆ ಮಾಂಸದಂಗಡಿಯ ತಕ್ಕಡಿ, ಔಷಧದಂಗಡಿಯ ತಕ್ಕಡಿ, ಹಸುಗೂಸುಗಳನ್ನು ಮಲಗಿಸಿ ತೂಗುವ ತೊಟ್ಟಿಲಿನಂಥ ತಕ್ಕಡಿ ಕತ್ತಿಗೆ ಚೀಟಿ ಕಟ್ಟಿಸಿಕೊಂಡು ಸಾಲಾಗಿ ಕುಳಿತಿದ್ದವು. ಬಿಳಿಗೂದಲಿನ ಮೇಸ್ತ್ರಿಯೊಬ್ಬರು ಯಾವುದೋ ಯಂತ್ರದ ಹೊಟ್ಟೆಯೊಳಗೆ ದೀಪ ಬಿಟ್ಟು ಇಣುಕುತ್ತಿದ್ದರು.

"ನೋಡಮ್ಮ," ಎಂದರು ಯಜಮಾನಿ, ಹಾಳೆಗಳ ಅಂಚನ್ನು ಮೇಜಿಗೆ ಕುಟ್ಟಿ ಸಮ ಮಾಡುತ್ತ. "ಅಂಕ ಚೆನ್ನಾಗಿದೆ. ಆದ್ರೆ ಕೂರಿಸಿಕೊಂಡು ಕಲಿಸೋಕೆ ನನಗೆ ಪುರುಸೊತ್ತಿಲ್ಲ. ಎರಡು ವರ್ಷ ಎಲ್ಲಾದ್ರೂ ಕೆಲಸ ಮಾಡು. ಆಮೇಲೆ ನೋಡೋಣ."

ಈ ಮಾತನ್ನು ಅವಳು ಹದಿನಾಲ್ಕನೆಯ ಸಲ ಕೇಳುತ್ತಿದ್ದಳು. ಹಾಳೆಗಳನ್ನು ಚೀಲಕ್ಕೆ ಸೇರಿಸಿ, ಎದ್ದು, ಕುರ್ಚಿಯನ್ನು ಸದ್ದಾಗದಂತೆ ಮೇಜಿನಡಿಗೆ ತಳ್ಳಿ, "ಸರಿ. ನಾನು ಬರುತ್ತೇನೆ," ಎಂದಳು.

ನಾಲಿಗೆಯ ಸಂಸ್ಕಾರ ಬುದ್ಧಿಗಿಂತ ಮೊದಲು ಎಚ್ಚರಗೊಳ್ಳುತ್ತದೆ. ಮನೆ ಬಿಟ್ಟು ಹೊರಡುವವರು ಹೋಗುತ್ತೇನೆ ಎನ್ನಬಾರದು, ಅದು ಅಪಶಕುನದ ಮಾತು ಎಂದು ಅಜ್ಜಿ ತಲೆಗೆ ಮೊಟಕಿ ಕಲಿಸಿದ್ದು ಮೂರನೆಯ ವಯಸ್ಸಿನಲ್ಲಿ. ಪರಭಾಷೆಯ ವ್ಯಾಕರಣ ತಲೆಯೊಳಗೆ ಬಂದದ್ದು ಇಪ್ಪತ್ತರ ಮೇಲೆ. ವ್ಯಾಕರಣದಲ್ಲಿ ತಪ್ಪಿಲ್ಲದ ಆ ವಾಕ್ಯವನ್ನು ಆಡಿಸಿದವಳು ಅಜ್ಜಿ.

ಯಜಮಾನಿ ಕನ್ನಡಕದ ಮೇಲಿನಿಂದ ನೋಡಿದರು. "ಬರ್ತೀಯಾ?"

"ಹೌದು. ಬರುತ್ತೇನೆ," ಎಂದು ಅವಳು ಇನ್ನಷ್ಟು ವಿನಯದಿಂದ ತಲೆ ಬಾಗಿಸಿದಳು.

ಯಜಮಾನಿ, "ಏಳೂವರೆಗೆ ಬಾಗಿಲು ತೆಗೆಯುತ್ತೆ," ಎಂದು ಒಣದನಿಯಲ್ಲಿ ಹೇಳಿ ಬೇರೆ ಕಾಗದ ಎತ್ತಿಕೊಂಡರು. ಹುಡುಗಿ ಧನ್ಯವಾದ ಹೇಳಿ ಹೊರಬಂದಳು. ಕೆಲಸ ಇಲ್ಲ ಎಂದವರು ಬಾಗಿಲು ತೆಗೆಯುವ ಹೊತ್ತನ್ನು ಏಕೆ ಹೇಳಿದರು ಎಂಬುದು ಬಸ್ಸು ಇಳಿದ ಮೇಲೂ ಅವಳಿಗೆ ಹೊಳೆಯಲಿಲ್ಲ.

ಅಕ್ಕನ ಮನೆ ಐದನೆಯ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಒಗೆದ ಬಟ್ಟೆ ಒಣಹಾಕುವಷ್ಟೇ ಅಗಲದ ಒಂದು ಮೊಗಸಾಲೆ. ಆ ಮೊಗಸಾಲೆಯ ಮಡಿಸುವ ಮಂಚವೇ ಮೂರು ತಿಂಗಳಿಂದ ಹುಡುಗಿಯ ಪ್ರಪಂಚ. ಕೆಲಸ ಹುಡುಕಲೆಂದು ಆ ದೇಶ ಹೊಸ ಪದವೀಧರರಿಗೆ ಕೊಡುವ ಅನುಮತಿ ಜೀವಮಾನದಲ್ಲಿ ಒಂದೇ ಸಲ, ಅದೂ ಮೂರೇ ತಿಂಗಳಿನದು. ಇಪ್ಪತ್ತನೆಯ ತಾರೀಖಿನೊಳಗೆ ಯಾರಾದರೊಬ್ಬ ಮಾಲೀಕರು ಇವಳಿಗೆ ಕೆಲಸ ಕೊಟ್ಟಿದ್ದೇವೆಂದು ಪತ್ರ ಬರೆದು ಸಹಿ ಹಾಕಬೇಕು. ಇಲ್ಲವಾದರೆ ಇಪ್ಪತ್ತೆರಡಕ್ಕೆ ವಿಮಾನ ಹತ್ತಬೇಕು. ಮತ್ತೆ ಕೇಳುವ ಹಾಗಿಲ್ಲ. ಆ ದಿನ ಹದಿನೇಳು.

ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ಲಿಫ್ಟು ರಿಪೇರಿಯ ಕೆಲಸ ಮುಗಿಸಿ ಬಂದಿದ್ದ ಭಾವ ಕಾಲುಚೀಲ ಬಿಚ್ಚುತ್ತಿದ್ದ.

"ಏನಂದ್ರು?" ಎಂದಳು ಅಕ್ಕ.

"ಅದೇ. ಎರಡು ವರ್ಷದ ಅನುಭವ ಬೇಕಂತೆ."

"ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ," ಎಂದ ಭಾವ. "ನಮ್ಮ ಪದವೀಧರೆ ಜಾತಕ ಅಷ್ಟೇ ಬಿಡು. ನಾಳೆ ಬಾಟ್ಲಿ ಕಾರ್ಖಾನೆಯವರು ಎಂಟು ಗಂಟೆಗೆ ಕರೆದಿದ್ದಾರಲ್ಲ, ಅಲ್ಲಿಗಾದ್ರೂ ಹೊತ್ತಿಗೆ ಸರಿಯಾಗಿ ಹೋಗು."

"ಹ್ಞೂಂ. ಭಾವ, ಒಂದು ಗೊತ್ತಾಗಲಿಲ್ಲ. ಹೊರಡುವಾಗ ಆಯಮ್ಮ ಏಳೂವರೆಗೆ ಬಾಗಿಲು ತೆಗೆಯುತ್ತೆ ಅಂದ್ರು. ಯಾಕಿರಬಹುದು?"

ಅಕ್ಕನ ಕೈಯ ಇಸ್ತ್ರಿಪೆಟ್ಟಿಗೆ ಅರ್ಧ ದಾರಿಯಲ್ಲಿ ನಿಂತಿತು. "ನೀನು ಏನಂದೆ?"

"ಬರ್ತೀನಿ ಅಂದೆ."

"ನಮ್ಮ ಮಾತಲ್ಲೋ, ಅವರ ಮಾತಲ್ಲೋ?"

"ಅವರ ಮಾತಲ್ಲೇ."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬಟ್ಟೆಯ ರಾಶಿಯ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ನಿನ್ನ! ಇಲ್ಲಿ ಬರ್ತೀನಿ ಅಂದ್ರೆ ಬರ್ತೀನಿ ಅಂತಲೇ ಕಣೇ. ನಾನೂ ಹೊಸದರಲ್ಲಿ ಕೆಳಗಿನ ಮಹಡಿ ಅಜ್ಜಿಗೆ ಹೀಗೇ ಅಂದು ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಪಾಪ, ಮಧ್ಯಾಹ್ನ ಪೂರ್ತಿ ಬಾಗಿಲು ತೆಗೆದಿಟ್ಟುಕೊಂಡು ಕೂತಿದ್ಲಂತೆ."

"ಕೆಲಸ ಇಲ್ಲ ಅಂದವರ ಮುಖಕ್ಕೇ ನಾಳೆ ಬರ್ತೀನಿ ಅಂತ ಹೇಳಿ ಬಂದಿದ್ದಾಳೆ," ಭಾವ ಚಪ್ಪಾಳೆ ತಟ್ಟಿದ. "ಭಲೇ! ಇನ್ನು ಪೊಲೀಸರೊಬ್ಬರು ಬರೋದು ಬಾಕಿ."

ಹುಡುಗಿ ನಗಲಿಲ್ಲ. "ಹಾಗಾದ್ರೆ ನಾಳೆ ಅವರು ಕಾಯ್ತಾರಾ?"

"ಯಾರು ಕಾಯ್ತಾರೆ? ಮಳ್ಳಿ, ಮರೆತುಬಿಡು."

"ಆ ಅಜ್ಜಿ ಕಾಯಲಿಲ್ವಾ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ಬಿಡಿಸಲಾಗದ್ದು ಎನ್ನುತ್ತಾರೆ ಬಲ್ಲವರು. ಗಡಿ ದಾಟುವಾಗ ಶಬ್ದವನ್ನಷ್ಟೇ ಹೊತ್ತು ತಂದು ಅರ್ಥವನ್ನು ಊರಲ್ಲೇ ಮರೆತು ಬಂದವರು ಏನು ಮಾಡಬೇಕೆಂದು ಅವರು ಹೇಳಿದಂತಿಲ್ಲ. ಬಾಟಲಿ ಕಾರ್ಖಾನೆ ಊರಿನ ಒಂದು ತುದಿ, ತಕ್ಕಡಿ ಕಾರ್ಖಾನೆ ಇನ್ನೊಂದು ತುದಿ. ಒಂದು ಬೆಳಿಗ್ಗೆ ಎರಡೂ ಕಡೆ ನಿಲ್ಲಲಾಗದು.

"ಭಾವ, ಬಾಟ್ಲಿಯವರಿಗೆ ನಾಳಿದ್ದು ಬರ್ತೀನಿ ಅಂತ ನೀವು ಫೋನ್ ಮಾಡಿ ಹೇಳ್ತೀರಾ?" ಎಂದಳು ಹುಡುಗಿ.

"ನಿಂಗೇನು ಗ್ರಹಚಾರ? ಕರೆದವರನ್ನ ಬಿಟ್ಟು ಕರೆಯದವರ ಮನೆಗೆ ಹೋಗ್ತೀಯಾ?"

"ಬರ್ತೀನಿ ಅಂದುಬಿಟ್ಟಿದ್ದೀನಲ್ಲ."

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಎಂದಳು ಅಕ್ಕ ಗಂಡನತ್ತ ನೋಡುತ್ತ. "ಫೋನ್ ಮಾಡ್ರೀ."

ಭಾವ ಮಾಡಿದ. ನಾಳಿದ್ದರ ಮಾತು ನಾಳಿದ್ದಿಗೆ, ಖಚಿತವಿಲ್ಲ ಎಂದು ಆ ಕಡೆಯವರು ಫೋನ್ ಇಟ್ಟುಬಿಟ್ಟರು.

ಮರುದಿನ ಏಳೂ ಇಪ್ಪತ್ತಕ್ಕೆ ತಕ್ಕಡಿ ಕಾರ್ಖಾನೆಯ ಬಾಗಿಲು ಮುಚ್ಚಿತ್ತು. ಬೀಗದ ಕೈಗಳ ಗೊಂಚಲು ಆಡಿಸುತ್ತ ಬಂದ ಮೇಸ್ತ್ರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರಮ್ಮ?"

"ನಾನು ಬರುತ್ತೇನೆ ಎಂದು ನಿನ್ನೆ ಹೇಳಿದ್ದೆನು."

"ಓ, ಆ ಬರ್ತೀನಿ ನೀನಾ!" ಮೇಸ್ತ್ರಿಯ ಮುಖ ಅರಳಿತು. "ನಿನ್ನೆ ಸಂಜೆಯೆಲ್ಲ ನಮ್ಮ ಯಜಮಾನಿಗೆ ಅದೇ ಮಾತು. ಬಾ ಬಾ. ಮಾತಾಡೋದು ಪುಸ್ತಕ ಓದಿದ ಹಾಗಿದೆ. ನೋಡೋಣ, ಕೈ ಏನು ಓದಿದೆ ಅಂತ."

ಒಂದು ಮೇಜಿನ ಮುಂದೆ ಕೂರಿಸಿ, ಮಖಮಲ್ಲಿನ ಒಳಮೈಯ ಒಂದು ಪೆಟ್ಟಿಗೆ ತೆರೆದಿಟ್ಟರು. ಒಳಗೆ ಹೆಬ್ಬೆರಳಿನಿಂದ ಹಿಡಿದು ಸಾಸಿವೆಯ ಗಾತ್ರದವರೆಗೆ ಹೊಳೆಯುವ ತೂಕದ ಬಟ್ಟುಗಳು. "ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಈ ಗಾಜಿನ ಮೇಲೆ ಜೋಡಿಸು."

ಹುಡುಗಿ ಎಲ್ಲಕ್ಕಿಂತ ದೊಡ್ಡದನ್ನು ಭಯಭಕ್ತಿಯಿಂದ ಎರಡು ಬೆರಳಲ್ಲಿ ಎತ್ತಿದಳು.

"ಏಯ್, ಏಯ್, ಇಡು!" ಮೇಸ್ತ್ರಿ ಹೌಹಾರಿದರು. "ಚಿಮಟ ಪಕ್ಕದಲ್ಲೇ ಇದೆಯಲ್ಲಮ್ಮ! ನಿನ್ನ ಬೆರಳಲ್ಲಿ ಏನಿದೆ?"

"ಏನೂ ಇಲ್ಲ."

"ಬೆವರಿದೆ, ಜಿಡ್ಡಿದೆ. ಇಷ್ಟು ಹೊತ್ತು ಅದು ಬರೀ ತೂಕದ ಬಟ್ಟು. ಈಗ ತೂಕದ ಬಟ್ಟು ಮತ್ತು ನೀನು. ಇದನ್ನ ಕಾಲೇಜಲ್ಲಿ ಹೇಳಿಕೊಡಲಿಲ್ವಾ?"

"ಹೇಳಿಕೊಟ್ಟರು. ಆದರೆ ಮುಟ್ಟಲು ಕೊಡಲಿಲ್ಲ. ಪೆಟ್ಟಿಗೆಯು ಗಾಜಿನ ಕಪಾಟಿನಲ್ಲಿ ಇತ್ತು. ಬೀಗದ ಕೈಯು ಮುಖ್ಯಸ್ಥರ ಬಳಿ ಇತ್ತು. ಮುಖ್ಯಸ್ಥರು ರಜೆಯಲ್ಲಿ ಇದ್ದರು."

"ಎಷ್ಟು ದಿನ?"

"ಮೂರು ವರ್ಷ."

ಮೇಸ್ತ್ರಿ ನಗುವುದೋ ಅಳುವುದೋ ತಿಳಿಯದೆ, ಆ ಬಟ್ಟನ್ನು ಚಿಮಟದಿಂದ ಎತ್ತಿ ಬೇರೆ ತಟ್ಟೆಯಲ್ಲಿ ಇಟ್ಟರು. ಎರಡನೆಯದನ್ನು ಹುಡುಗಿ ಚಿಮಟದಿಂದಲೇ ಎತ್ತಿದಳು. ಬೀಳಿಸದೆ ಗಾಜಿನ ಮೇಲೆ ಇಟ್ಟಳು.

ಎಂಟಕ್ಕೆ ಬಂದ ಯಜಮಾನಿ ಬಾಗಿಲಲ್ಲೇ ನಿಂತು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬೆರಳು ಮಡಿಸಿ ಅವಳನ್ನು ಗಾಜಿನ ಕೋಣೆಗೆ ಕರೆದರು.

"ಮೂವತ್ತು ವರ್ಷದಿಂದ ಈ ಕುರ್ಚೀಲಿ ಕೂತು ಎಷ್ಟೋ ಜನಕ್ಕೆ ಕೆಲಸ ಇಲ್ಲ ಅಂದಿದ್ದೀನಿ," ಎಂದರು. "ಅತ್ತವರಿದ್ದಾರೆ, ಬೈದವರಿದ್ದಾರೆ. ನಾನು ಇಲ್ಲ ಅಂದ್ಮೇಲೂ ಬರ್ತೀನಿ ಅಂದವರು ಒಬ್ಬರೂ ಇಲ್ಲ. ನಮ್ಮಪ್ಪ ಹೋದಾಗ ಅಂಗಡಿಯವರೆಲ್ಲ ಹೆಂಗಸಿನ ಕೈಗೆ ತಕ್ಕಡಿ ಕೊಡಲ್ಲ ಅಂತ ಕೂತರು. ನಾನೂ ಮಾರನೇ ದಿನ ಹೋಗಿ ಅವರ ಬಾಗಿಲಲ್ಲೇ ನಿಂತಿದ್ದೆ. ಆ ಗುಂಡಿಗೆ ನಿನ್ನಲ್ಲೂ ಇದೆ. ಅನುಭವ ಹೋಗ್ಲಿ ಬಿಡು."

ಮೇಜಿನ ಖಾನೆಯಿಂದ ಕಾರ್ಖಾನೆಯ ಹೆಸರು ಅಚ್ಚಾಗಿದ್ದ ಒಂದು ಹಾಳೆ ಹೊರಬಂತು. ಪೆನ್ನಿನ ಮುಚ್ಚಳ ತೆರೆಯಿತು. "ನಿಂಗೆ ಪತ್ರ ಬೇಕು ಅಂತ ಅರ್ಜೀಲಿ ಬರೆದಿದ್ದೀಯ. ಹೆಸರು ಹೇಳು, ತಪ್ಪಿಲ್ಲದ ಹಾಗೆ ಬರೀತೀನಿ."

ಹುಡುಗಿ ಬಾಯಿ ತೆರೆದಳು. ಹೆಸರನ್ನಷ್ಟೇ ಹೇಳಿದ್ದರೆ ಸಾಕಿತ್ತು; ಅದು ಸುಳ್ಳೂ ಆಗುತ್ತಿರಲಿಲ್ಲ. ಮೂರು ತಿಂಗಳ ಮೊಗಸಾಲೆ, ಹದಿನಾಲ್ಕು ಕಚೇರಿಗಳ ಮೆಟ್ಟಿಲು, ವಿಮಾನ ನಿಲ್ದಾಣದಲ್ಲಿ ಹಿಂತಿರುಗಿ ನೋಡದೆ ನಡೆದುಹೋದ ಅಪ್ಪನ ಬೆನ್ನು, ಎಲ್ಲವೂ ಆ ಒಂದು ಹೆಸರಿನ ಹಿಂದೆ ಸಾಲು ನಿಂತಿದ್ದವು.

"ದಯವಿಟ್ಟು ಈಗಲೇ ಬರೆಯಬೇಡಿ," ಎಂದಳು. "ನನ್ನಲ್ಲಿ ಆ ಗುಂಡಿಗೆಯು ಇಲ್ಲ."

"ಏನಂದೆ?"

"ನಿನ್ನೆ ನಾನು ಬರುತ್ತೇನೆ ಎಂದದ್ದು, ಹೋಗುತ್ತೇನೆ ಎಂಬ ಅರ್ಥದಲ್ಲಿ."

ಯಜಮಾನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹುಡುಗಿ ಕಲಿತ ಪುಸ್ತಕದಲ್ಲಿ ಅಂಗಡಿಯಲ್ಲಿ ಮಾತನಾಡುವುದಕ್ಕೆ ಪಾಠವಿತ್ತು, ವೈದ್ಯರಲ್ಲಿ ಮಾತನಾಡುವುದಕ್ಕೆ ಪಾಠವಿತ್ತು, ಇದಕ್ಕೆ ಇರಲಿಲ್ಲ. ಅವಳು ತಡವರಿಸಿದಳು. "ನಮ್ಮ ಮಾತಿನಲ್ಲಿ ಹೊರಡುವವರು ಹಾಗೆ ಹೇಳುತ್ತಾರೆ. ಹೋಗುತ್ತೇನೆ ಎಂದರೆ ಕೆಟ್ಟದ್ದು. ಹೋದವರು ತಿರುಗಿ ಬರಲಿ ಎಂದು ಹೀಗೆ ಹೇಳುವುದು. ನೀವು ಇಲ್ಲ ಎಂದಿರಿ. ನಾನು ಎದ್ದು ಹೊರಟೆನು. ಅಷ್ಟೇ."

"ಅಂದ್ರೆ ನಿನ್ನೆ ನೀನು ಸೋತು ಎದ್ದದ್ದು."

"ಹೌದು."

"ಮತ್ತೆ ಇವತ್ತು ಯಾಕೆ ಬಂದೆ?"

ಹುಡುಗಿ ಯೋಚಿಸಿದಳು. ಒಂದೊಂದೇ ಪದವನ್ನು ಹುಡುಕಿ ಹೇಳಿದಳು. "ನನ್ನ ಭಾಷೆಯಲ್ಲಿ ಅದು ಬರಿಯ ಮರ್ಯಾದೆ. ನಿಮ್ಮ ಭಾಷೆಯಲ್ಲಿ ಅದು ಕೊಟ್ಟ ಮಾತು. ನೀವು ಕೇಳಿದ್ದು ನಿಮ್ಮ ಭಾಷೆಯಲ್ಲಿ."

ಯಜಮಾನಿ ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ಅಲ್ಲೇ ಬಿಟ್ಟು ಕೆಲಸದ ಮನೆಗೆ ನಡೆದರು. ಗಾಜಿನಾಚೆ ಇಬ್ಬರ ತುಟಿಗಳೂ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮೇಸ್ತ್ರಿ ಒಮ್ಮೆ ಬೇರೆಯಾಗಿ ಇಟ್ಟಿದ್ದ ಬಟ್ಟಿನತ್ತ ಕೈ ತೋರಿಸಿದರು. ಒಮ್ಮೆ ಬಗ್ಗಿ ಬಗ್ಗಿ ಸೋತ ತಮ್ಮದೇ ಸೊಂಟದ ಮೇಲೆ ಕೈಯಿಟ್ಟು ಏನೋ ಹೇಳಿದರು. ಗಡಿಯಾರದಲ್ಲಿ ಎಂಟು ಇಪ್ಪತ್ತು. ಬಾಟಲಿ ಕಾರ್ಖಾನೆಯ ಕುರ್ಚಿಯಲ್ಲಿ ಈಗ ಇನ್ಯಾರೋ ಕುಳಿತಿರುತ್ತಾರೆ. ಹುಡುಗಿ ಚೀಲವನ್ನು ಹೆಗಲಿಗೇರಿಸಿಕೊಂಡು, ಈ ಸಲ ಯಾವ ಮಾತು ಹೇಳಿ ಎದ್ದರೆ ತಪ್ಪಾಗದು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟತೊಡಗಿದಳು.

ಬಾಗಿಲು ತೆರೆಯಿತು. ಯಜಮಾನಿ ಅವಳತ್ತ ನೋಡದೆ ಹಿಂದಕ್ಕೆ ಕೂಗಿ ಹೇಳಿದರು. "ಮೇಸ್ತ್ರಿ, ಇವಳಿಗೊಂದು ಕೋಟು ಹುಡುಕಿ ಕೊಡಿ. ಪತ್ರ ನಾನು ಅಚ್ಚು ಹಾಕಿಸ್ತೀನಿ." ಆಮೇಲೆ ಕುರ್ಚಿಯಲ್ಲಿ ಕುಳಿತು, ಅದೇ ಒಣದನಿಯಲ್ಲಿ, "ಕಲಿಸೋಕೆ ಪುರುಸೊತ್ತಿಲ್ಲ ಅಂದಿದ್ದೆ. ಈಗಲೂ ಇಲ್ಲ. ಮೇಸ್ತ್ರಿ ಕಲಿಸ್ತಾರಂತೆ, ಅವರನ್ನ ಕೇಳು. ಹೆಸರು ಈ ಚೀಟೀಲಿ ಬರೆದಿಟ್ಟು ಹೋಗು," ಎಂದರು.

ಬೂದುಬಣ್ಣದ ಆ ಕೋಟು ಹಿಂದೆ ಯಾರೋ ಆಜಾನುಬಾಹುವಿನದಾಗಿತ್ತು. ತೊಟ್ಟಾಗ ತೋಳು ಬೆರಳನ್ನೂ ನುಂಗಿ ಗೇಣುದ್ದ ಜೋತುಬಿದ್ದಿತು. ಮೇಸ್ತ್ರಿ ನಾಲಿಗೆ ಲೊಚಗುಟ್ಟಿ, ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಮುಂದೆ ಚಾಚಿದ ಅವಳ ಬಲದೋಳನ್ನು ಮಡಿಸತೊಡಗಿದರು. ಒಂದು ಮಡಿಕೆ, ಎರಡು ಮಡಿಕೆ. ಸುಕ್ಕು ಉಳಿಯದಂತೆ ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ಸವರಿ ಕೂರಿಸಿದರು. ಗಾಜಿನ ಕೋಣೆಯಲ್ಲಿ ಅಚ್ಚಿನ ಯಂತ್ರ ಕಾಗದವನ್ನು ಒಳಗೆಳೆದುಕೊಳ್ಳುವ ಸದ್ದಾಯಿತು. ಕೋಟಿನೊಳಗೆ, ಅವಳ ಜೇಬಿನಲ್ಲಿ, ಫೋನು ಗುಂಯ್‌ಗುಡತೊಡಗಿತು. ಅಕ್ಕನೇ ಇರಬೇಕು.

"ಅಲ್ಲಾಡಬೇಡ," ಎಂದರು ಮೇಸ್ತ್ರಿ.

ಅವಳು ಅಲ್ಲಾಡಲಿಲ್ಲ. ಮೂರನೆಯ ಮಡಿಕೆಯ ಕೆಳಗೆ ಮೊದಲು ಉಗುರು, ಆಮೇಲೆ ಬೆರಳು, ಆಮೇಲೆ ಮಣಿಕಟ್ಟು ಹೊರಗೆ ಬಂದವು.

"ಹ್ಞಾಂ. ಈಗ ಆ ಕೈ."

ಹುಡುಗಿ ಇನ್ನೊಂದು ತೋಳನ್ನು ಮುಂದೆ ಚಾಚಿದಳು.