ಬಿಡಿಭಾಗ ಮಾರಾಟಕ್ಕಿಲ್ಲ

“ಕುಣಿಯೊಳಗ ಇಳಿಯಾವ್ರು ಯಾರ್ರಿ? ಇಬ್ರು ಬೇಕು,” ಎಂದು ಅಯ್ಯನವರು ಕೇಳುತ್ತಲೇ ಅಂಗಳದ ಕಣ್ಣುಗಳೆಲ್ಲ ಕಾಡಪ್ಪನ ಕಡೆ ತಿರುಗಿದವು.

ಮಿರಜದ ಮಾರ್ಕೆಟ್ಟಿಗೆಲ್ಲ ಗೊತ್ತಿದ್ದ ಮಾತದು. ಮಹಾಲಿಂಗಪ್ಪನೂ ಕಾಡಪ್ಪನೂ ಕೂಡಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಕಾಲದಲ್ಲಿ, ಯಾರದೋ ಮಣ್ಣು ಮುಗಿಸಿ ಬಂದು ಚಹಾದಂಗಡಿಯ ಬಾಕಿನ ಮೇಲೆ ಕೂತು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು. “ಯಾರ ಮೊದಲ ಹೋದ್ರೂ ಉಳದಾವ ಕುಣಿಗಿಳದು ಕುಂಡ್ರಸಬೇಕು. ಮಂದಿ ಕೈಯಾಗ ಕೊಡಬಾರದು,” ಎಂದಿದ್ದ ಮಹಾಲಿಂಗಪ್ಪ. ಕಾಡಪ್ಪ ಆತು ಎಂದಿದ್ದ.

ಈಗ ಮಹಾಲಿಂಗಪ್ಪನ ಹೆಣವನ್ನು ಗೋಡೆಗೊರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದನಂತೆ.

“ನನಗ ಮಣಕಾಲ ಬ್ಯಾನಿ ಐತ್ರಿ,” ಎಂದ ಕಾಡಪ್ಪ, ಯಾರ ಮುಖವನ್ನೂ ನೋಡದೆ.

“ಕುಪವಾಡದಾಗ ಕಾರ್ಖಾನಿ ಗೇಟ ಕಾಯೂಮುಂದ ಎಲ್ಲಿ ಹೋಗಿರತೈತೋ ಆ ಬ್ಯಾನಿ?” ಎಂದರು ಕಾಳಿನ ವ್ಯಾಪಾರಿ ಶಿವಲಿಂಗಪ್ಪ. ಅವರ ನಾಲಿಗೆಗೆ ಸಾವಿನ ಮನೆ, ಮದುವೆ ಮನೆ ಎಂಬ ಭೇದವಿರಲಿಲ್ಲ.

ಮಹಾಲಿಂಗಪ್ಪನ ಮಗ ಸೂರಜ ಎದ್ದು ನಿಂತ. “ನಾ ಇಳೀತೀನ್ರಿ. ನಮ್ಮ ಭಾವೋಜಿನೂ ಇಳೀತಾರ.”

“ಹಂಗಾರ ಹೋಗ್ರಿ, ನೀರ ಹಾಕ್ಕೋರಿ,” ಎಂದರು ಅಯ್ಯನವರು.

ಕಾಡಪ್ಪ ಜೇಬಿನಿಂದ ತಂಬಾಕಿನ ಚೀಲ ತೆಗೆದು, ಇದು ಸಾವಿನ ಮನೆ ಎಂದು ನೆನಪಾಗಿ, ಮತ್ತೆ ಒಳಗಿಟ್ಟ.

*

ಇಬ್ಬರೂ ಕೂಡಿ ಅಂಗಡಿ ನಡೆಸುತ್ತಿದ್ದಾಗಲೇ ಊರಿಗೆ ಕಲರ್ ಟಿವಿಗಳು ಬಂದವು. ವಿಶ್ರಾಮಬಾಗದ ಹೊಸ ಫ್ಲಾಟುಗಳಲ್ಲಿ ಮನೆಗೊಂದು. ದೇಶಕ್ಕೇ ಬಾಗಿಲು ತೆಗೆದಿದೆ ಎನ್ನುತ್ತಿದ್ದ ಕಾಲ. ಪುಣೆಯಿಂದ ಟಿವಿ ಕಂಪನಿಯ ಸಾಹೇಬನೊಬ್ಬ ಬಂದು ಸರ್ವಿಸ್ ಸೆಂಟರ್ ಕೊಡುತ್ತೇವೆ, ಆದರೆ ಒಂದೇ ಹೆಸರಿಗೆ ಎಂದ. ಮಹಾಲಿಂಗಪ್ಪನಿಗೆ ಮಗಳು ಪ್ರಣಿತಾಳ ಮದುವೆ ಕಣ್ಣ ಮುಂದಿತ್ತು. “ನೀ ತಗೋ,” ಎಂದು ಕಾಡಪ್ಪನೇ ಹೇಳಿ, ಹಿಂದಿನ ಓಣಿಯಲ್ಲಿ ತನ್ನದೊಂದು ಗೂಡಂಗಡಿ ಮಾಡಿಕೊಂಡ. ಜಗಳವಿರಲಿಲ್ಲ. ಮಧ್ಯಾಹ್ನದ ಬುತ್ತಿ ಇನ್ನೂ ಕೂಡಿಯೇ ಉಣ್ಣುತ್ತಿದ್ದರು.

ಆಮೇಲೆ ಸೆಂಟರಿನ ಬಾಗಿಲಿಗೆ ಬೋರ್ಡು ಬಂತು: ಬಿಡಿಭಾಗ ಮಾರಾಟಕ್ಕಿಲ್ಲ. ಕಂಪನಿಯ ಟಿವಿಗೆ ಹೊರಗಿನವರು ಕೈ ಹಚ್ಚಿದರೆ ಗ್ಯಾರಂಟಿ ಹೋಯಿತು. ಸೆಂಟರಿನವರೂ ಕೆಟ್ಟದ್ದನ್ನು ರಿಪೇರಿ ಮಾಡುವಂತಿಲ್ಲ. ಟಿವಿಯೊಳಗಿನ ಇಡೀ ಸರ್ಕಿಟ್ ಬೋರ್ಡು ಬದಲಿಸಿ, ತೆಗೆದದ್ದನ್ನು ಒಡೆದು ಹಾಕಬೇಕು. ಅದರೊಳಗೆ ಮುಕ್ಕಾಲು ಪಾಲು ಜೀವವಿದ್ದರೂ ಸರಿಯೇ.

ಕಾಡಪ್ಪನಲ್ಲಿಗೆ ಬಡ ಮುದುಕಿ ಅನುಸೂಯಾಬಾಯಿಯ ಟಿವಿ ಬಂದಿತ್ತು. ಕೆಟ್ಟದ್ದು ಎಲ್‌ಓಟಿ ಒಂದೇ. ಪಿಕ್ಚರ್ ಟ್ಯೂಬಿಗೆ ಕರೆಂಟು ಕೊಡುವ ಮುಷ್ಟಿಗಾತ್ರದ ಸಾಮಾನು. ಅವನು ಸೆಂಟರಿಗೆ ಹೋದಾಗ ಸಾಹೇಬ ಕುರ್ಚಿಯಲ್ಲಿ ಕೂತು ತಂಪು ಕುಡಿಯುತ್ತಿದ್ದ. ಎದುರಿಗೆ ಹಳೆ ಬೋರ್ಡುಗಳ ಗುಡ್ಡೆ. ಮಹಾಲಿಂಗಪ್ಪನ ಕೈಯಲ್ಲಿ ಸುತ್ತಿಗೆ.

“ಅದರಾಗಿಂದ ಒಂದ ಎಲ್‌ಓಟಿ ಕೊಡೋ. ಅಗಾ, ಅದು. ಹೆಂಗಿದ್ರೂ ಒಡ್ಯಾವ ಅದೀ.”

ಮಹಾಲಿಂಗಪ್ಪ ತಲೆಯೆತ್ತಲಿಲ್ಲ. “ಕಂಪನಿ ಮಾಲು. ಕೊಡಾಕ ಬರೂದಿಲ್ಲ.”

“ಮಾಲಿಂಗ್ಯಾ, ನಾ ಕೇಳಾಕತ್ತೀನಿ.”

ಸಾಹೇಬ ಗ್ಲಾಸು ಕೆಳಗಿಟ್ಟು ಇಬ್ಬರನ್ನೂ ನೋಡಿದ. ಕಾಡಪ್ಪ ಬೆರಳಿಟ್ಟು ತೋರಿಸಿದ್ದ ಬೋರ್ಡನ್ನೇ ಮಹಾಲಿಂಗಪ್ಪ ಮುಂದಕ್ಕೆಳೆದುಕೊಂಡ. ಸುತ್ತಿಗೆ ಎತ್ತಿದ. ಒಂದು ಚೂರು ಸಿಡಿದು ಕಾಡಪ್ಪನ ಚಪ್ಪಲಿಯ ಹತ್ತಿರ ಬಿತ್ತು.

*

“ಎತ್ತಿನ ಕಾಲಾಗ ಮುಳ್ಳ ಹೊಕ್ಕರ ಅದನ್ನ ಮಾರಿದಾವನ ಕೇಳಿ ತಗೀಬೇಕೇನ್ರಿ?” ಶಿವಲಿಂಗಪ್ಪ ಸಾವಿನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಶುರುಮಾಡಿದ್ದರು. “ರೊಕ್ಕ ನಂದು, ಟಿವಿ ನಂದು, ಬಿಚ್ಚಾಕ ಅವರ ಅಪ್ಪಣಿ!”

“ಅದಕ್ಕೊಂದ ಕಾಯ್ದೆ ಬರಬೇಕ ಬಗಾ,” ಎಂದರು ನೆರೆಮನೆಯ ಬಾಬಾಸಾಹೇಬ.

“ಕಾಯ್ದೆ ಬರೂದ್ರಾಗ ನಾವೂ ಇರೂದಿಲ್ಲ, ಟಿವೀನೂ ಇರೂದಿಲ್ಲ ತಗೋರಿ.”

ಸೂರಜ ತಲೆ ಒರೆಸಿಕೊಳ್ಳುತ್ತ ಬಂದ. “ನಮ್ಮ ಸೆಂಟರೂ ಹೋದ ವರ್ಷ ಕಸಗೊಂಡ್ರಲ್ರಿ ಕಾಕಾ. ದೊಡ್ಡ ಶೋರೂಮಿಗೆ ಕೊಟ್ರು. ಈಗ ರಿಪೇರಿ ಇಲ್ಲನ ಇಲ್ಲ. ಹಳೇದ ಕೊಡ್ರಿ, ಹೊಸಾದ ಒಯ್ರಿ, ಅಷ್ಟ.”

ಕಾಡಪ್ಪನಿಗೆ ಇದು ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವನು ಕೇಳಿರಲೂ ಇಲ್ಲ.

ಒಳಗಿನಿಂದ ಮಹಾಲಿಂಗಪ್ಪನ ಹೆಂಡತಿ ನಾಗವ್ವ ಅವನನ್ನು ಕರೆಸಿದಳು. ಬಾಗಿಲ ಸಂದಿಯಲ್ಲಿ, ಹೆಂಗಸರ ನಡುವಿನಿಂದ ಎದ್ದು ಬಂದು ನಿಂತಿದ್ದಳು. ಅತ್ತು ದನಿ ಒಡೆದಿತ್ತು.

“ನೀವು ಇಳಿಯೂದಿಲ್ಲ ಅಂದ್ರಂತ, ಕಾಡಪ್ಪಣ್ಣಾ.”

“ಮಣಕಾಲ, ವೈನಿ...”

“ಇರ್ಲಿ. ನಾ ಬಾ ಅನ್ನೂದಿಲ್ಲ.” ಅವಳು ಸೆರಗನ್ನು ತಲೆಮೇಲೆಳೆದುಕೊಂಡಳು. “ಅವರು ಒಂದ ಸಂಜಿ ಚೀಲ ಹಿಡಕೊಂಡು ನಿಮ್ಮ ಅಂಗಡೀಗೆ ಬಂದಿದ್ರಲ್ಲ? ಅದರಾಗ ನೀವು ಕೇಳಿದ ಸಾಮಾನ ಇತ್ತು, ಕಂಪನಿ ಗ್ವಾಡೌನದಾಗಿಂದ ಕದ್ದಿದ್ರು. ಸಿಕ್ಕಿದ್ರ ಸೆಂಟರ್ ಹೋಗತಿತ್ತು, ಜೇಲ ಆಗತಿತ್ತು. ಹುಟ್ಟಿದಾಗಿಂದ ಒಬ್ಬರ ಕಡ್ಡಿ ಮುಟ್ಟದಾವ್ರು, ನಿಮ್ಮ ಸಲವಾಗಿ ಕಳ್ಳ ಆದ್ರು. ತಿರುಗಿ ಬಂದು ಉಣ್ಣದ ಮಕ್ಕೊಂಡ್ರು.”

*

ಆ ಸಂಜೆ ಓಣಿಯ ತುದಿಯಲ್ಲಿ ಮಹಾಲಿಂಗಪ್ಪ ಬರುತ್ತಿರುವುದನ್ನು ಕಾಡಪ್ಪ ದೂರದಿಂದಲೇ ಕಂಡಿದ್ದ. ಕೈಯಲ್ಲಿ ಬಟ್ಟೆಯ ಚೀಲ. ಕಂಡೇ ಶಟರು ಎಳೆದುಕೊಂಡಿದ್ದ. ಶಟರು ನೆಲ ಮುಟ್ಟಿರಲಿಲ್ಲ. ಸಂದಿಯಲ್ಲಿ ಎರಡು ಕಾಲು ಬಂದು ನಿಂತವು.

“ಕಾಡ್ಯಾ. ತಗಿಯೋ.”

ಒಳಗೆ ಕಾಡಪ್ಪ ಸೋಲ್ಡರಿಂಗ್ ಕಡ್ಡಿ ಹಿಡಿದುಕೊಂಡೇ ಕೂತಿದ್ದ. ನಾಳೆ ಮತ್ತೆ ಬರುತ್ತಾನೆ, ನಾಳೆ ತೆಗೆದರಾಯಿತು ಎಂದುಕೊಂಡಿದ್ದ. ಒಂದು ಸಲ ಚೆನ್ನಾಗಿ ನೋಯಲಿ ಎಂದೂ ಅಂದುಕೊಂಡಿದ್ದ. ಕಾಲುಗಳು ಬಹಳ ಹೊತ್ತು ನಿಂತು ಹೋದವು. ಮತ್ತೆ ಬರಲಿಲ್ಲ. ಒಂದು ದೀಪಾವಳಿ ದಾಟುವುದರೊಳಗೆ ಗಿರಾಕಿಗಳು ಬರುವುದು ನಿಂತಿತು, ಅಂಗಡಿ ನಿಂತಿತು. ಕಾಡಪ್ಪ ಖಾಕಿ ಅಂಗಿ ತೊಟ್ಟು ಕುಪವಾಡಕ್ಕೆ ಹೋದ.

*

ಸ್ಮಶಾನದಲ್ಲಿ ಕಾಡಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ. ಚಪ್ಪಲಿ ಬಿಟ್ಟಿದ್ದ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದ್ದ. ನಲ್ಲಿಯ ಕೆಳಗೆ ತಲೆಯೊಡ್ಡಿ ಬಂದಿದ್ದರಿಂದ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅಯ್ಯಾರ, ನಾ ಇಳೀತೀನಿ.”

ಸೂರಜನೂ ಅಳಿಯನೂ ಆಗಲೇ ಒಳಗಿದ್ದರು. ಮೇಲಿನವರು ದೇಹವನ್ನು ಕೆಳಗೆ ಕೊಡುತ್ತಿದ್ದರು.

“ಈಗೇನಪಾ?” ಎಂದರು ಅಯ್ಯನವರು. ದನಿಯಲ್ಲಿ ಸಿಟ್ಟಿರಲಿಲ್ಲ. “ಇಳದವ್ರನ್ನ ಕುಂಡ್ರಸೂತನಕ ಮ್ಯಾಲ ಕರಿಯಾಕ ಬರೂದಿಲ್ಲ. ಮನ್ಯಾಗ ಕೇಳಿದಾಗ ಹೇಳಬೇಕಿತ್ತು.”

ಸೂರಜ ಎಂದೂ ಈ ಕೆಲಸ ಮಾಡಿದವನಲ್ಲ. ಅಪ್ಪನ ಭಾರ ಅವನ ತೋಳಿನಿಂದ ಜಾರುತ್ತಿತ್ತು. ತಲೆಯೆತ್ತಿ, ಸುತ್ತಲಿನ ಅಷ್ಟೂ ಮುಖಗಳಲ್ಲಿ ಒಂದನ್ನು ಹುಡುಕಿ ಹಿಡಿದ.

“ಕಾಕಾ, ಹೆಂಗ ಹಿಡೀಬೇಕ್ರಿ?”

ಕಾಡಪ್ಪ ಕುಣಿಯ ಅಂಚಿನಲ್ಲಿ ಮಂಡಿಯೂರಿದ. “ಎಡಗೈ ಬೆನ್ನಿಗೆ ಕೊಡೋ. ಹಾಂ. ಬಲಗೈ ಕುತ್ತಿಗಿ ಹಿಂದ. ಸಾವಕಾಶ. ಇನ್ನೂ ಒಂಚೂರ ಹಿಂದ... ತಲಿ ಗ್ವಾಡಿಗೆ ಬಡೀಬಾರದು. ಆತು. ಈಗ ಬಿಡು.”

ಸೂರಜ ಕೈ ಬಿಟ್ಟ. ಬಿಲ್ವಪತ್ರಿ ಬಿತ್ತು, ವಿಭೂತಿ ಬಿತ್ತು, ಆಮೇಲೆ ಮಣ್ಣು. ಅಂಚಿನಲ್ಲಿ ಕಾಡಪ್ಪನ ಎರಡೂ ಕೈಗಳು, ಒಂದು ಬೆನ್ನಿಗೆ, ಒಂದು ಕುತ್ತಿಗೆಗೆ ಎಂಬಂತೆ, ಗಾಳಿಯಲ್ಲಿ ಹಾಗೆಯೇ ಬಾಗಿಕೊಂಡಿದ್ದವು. ಯಾರೋ ಹಿಂದಿನಿಂದ ಅವನ ತೋಳು ಹಿಡಿದು ಎಬ್ಬಿಸಿದರು.

ಕಾಡಪ್ಪ ಕುಣಿಗೆ ಇಳಿಯಲಿಲ್ಲ.