ಎರೆಭೂತದ ಒಂದೇ ತತ್ತಿ

೧೯೭೮ರ ನಾಗರಪಂಚಮಿಯ ಮರುದಿನ ದೇಶನೂರಿನ ಶಿವಬಸಮ್ಮ ಗಂಡ ಗಾದಿಲಿಂಗಪ್ಪನ ಜೊತೆ ಕಪ್ಪು ಮಣ್ಣಿನ ಎರೆ ಹೊಲಕ್ಕೆ ಹೋಗಿದ್ದಳು. ಊರಿನ ಗದ್ದೆಗಳಿಗೆಲ್ಲ ಕಾಲುವೆ ನೀರು ಬಂದಿದ್ದರೂ ದಿಬ್ಬದ ಮೇಲಿನ ಆ ಹೊಲ ಮಳೆಯನ್ನೇ ನಂಬಿತ್ತು. ಹಿಂಗಾರಿ ಜೋಳಕ್ಕೆಂದು ಅವನು ಕುಂಟೆ ಹೊಡೆಯುತ್ತಿದ್ದ. ಇದ್ದಕ್ಕಿದ್ದಂತೆ ಸೊಂಟದೆತ್ತರದ ಕಂದು ಹಕ್ಕಿಯೊಂದು ಎದ್ದು, ಕತ್ತು ಚಾಚಿ, ರೆಕ್ಕೆ ಹರಡಿ ಎತ್ತುಗಳಿಗೆ ಅಡ್ಡ ನಿಂತಿತು. ಅದರ ಕಾಲ ಬಳಿ ಗೂಡಿಲ್ಲ, ಹುಲ್ಲಿಲ್ಲ, ಬರೀ ಮಣ್ಣಿನ ಮೇಲೆ ಒಂದೇ ತತ್ತಿ.

ಜನ ಎರೆಭೂತ ಎನ್ನುವ ಆ ಹಕ್ಕಿಯನ್ನು ಶಿವಬಸಮ್ಮ ಚಿಕ್ಕವಳಿದ್ದಾಗ ತವರಿನ ಹೊಲದಲ್ಲಿ ಕಂಡಿದ್ದಳು. ಅವಳು ಕೂಗಿದ್ದೇ ಗಂಡ ಎತ್ತು ತಡೆದ. ಸುತ್ತ ಹತ್ತು ಹೆಜ್ಜೆ ನೆಲ ಬಿಟ್ಟು ಕುಂಟೆ ತಿರುಗಿಸಿದರು. ಭೂತಕ್ಕೆ ಹೊಲ ಬರೆದುಕೊಟ್ಟರೆಂದು ಪಕ್ಕದ ಹೊಲದವರು ನಕ್ಕರು.

ಗಾದಿಲಿಂಗಪ್ಪ ಸಿರುಗುಪ್ಪದ ಬೀಜದಂಗಡಿಯಲ್ಲಿ ಆಡಿದ ಮಾತು ಬಳ್ಳಾರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಹೊನ್ನೂರಪ್ಪನವರಿಗೆ ಮುಟ್ಟಿತು. ಮುಂದಿನ ವಾರ ಅವರು ಹತ್ತಿ ಹಾಸಿದ ಪೆಟ್ಟಿಗೆ ಹಿಡಿದು ಬಂದರು. ಈ ಸೀಮೆಯಲ್ಲಿ ಇಂಥ ಹಕ್ಕಿ ಮುಗಿದೇ ಹೋಯಿತೆಂದುಕೊಂಡಿದ್ದೆ ಎಂದರು. ಬದುವಿನ ಮರೆಯಲ್ಲಿ ಕೂತು ಬಹಳ ಹೊತ್ತು ನೋಡಿ, ಕಾಲೇಜಿನಲ್ಲಿ ಇಡಲು ತತ್ತಿಯನ್ನು ಕೇಳಿದರು.

"ಬ್ಯಾಡ್ರಿ ಸರ್," ಎಂದಳು ಶಿವಬಸಮ್ಮ. "ಇಡೂದ ಒಂದ ತತ್ತಿ. ಅದನ್ನೂ ನೀವು ಒಯ್ದರ ಮುಂದ ನೋಡಾಕ ಏನ ಉಳೀತೈತಿ?"

ಹೊನ್ನೂರಪ್ಪ ಪೆಟ್ಟಿಗೆ ಮುಚ್ಚಿದರು. ಮರಿಯಾದ ದಿನ ತಿಳಿಸಬೇಕೆಂದು ಕೇಳಿಕೊಂಡು ಹೋದರು.

ಅವಳು ದಿನಾ ಬದುವಿನಿಂದ ನೋಡಿದಳು. ಗಂಡುಹಕ್ಕಿ ಒಮ್ಮೆಯೂ ಹತ್ತಿರ ಬರಲಿಲ್ಲ. ತಾಯಿ ಸ್ವಲ್ಪ ಹೊತ್ತು ಮೇಯಲು ಹೋಗಿ, ನೇರವಾಗಿ ಬಾರದೆ ಸುತ್ತು ಹಾಕಿ ನಡೆದೇ ಮರಳುತ್ತಿತ್ತು. ತತ್ತಿ ಕಂಡ ಇಪ್ಪತ್ನಾಲ್ಕನೆಯ ದಿನ ಮಣ್ಣುಬಣ್ಣದ ಮರಿ ಕಂಡಿತು.

ಮರುದಿನ ಅವಳು ಒಬ್ಬಳೇ ಬಳ್ಳಾರಿ ಬಸ್ಸು ಹತ್ತಿದಳು. ಕಾಲೇಜಿನ ಮೆಟ್ಟಿಲು ತುಳಿದದ್ದು ಅದೇ ಮೊದಲು. ಹೊನ್ನೂರಪ್ಪ ಅವಳನ್ನು ತರಗತಿಗೇ ಕರೆದೊಯ್ದು, ನೋಡಿದ್ದನ್ನೆಲ್ಲ ಹೇಳಿ ಅಂದರು. ಅವಳು ತಾಯಿಹಕ್ಕಿ ಮಿಡತೆ ಹಿಡಿದು ಮರಿಯ ಮುಂದೆ ಹಿಡಿಯುವುದನ್ನು ಕೈಯಲ್ಲೇ ಮಾಡಿ ತೋರಿಸಿದಳು. ಹುಡುಗರು ಬರೆದುಕೊಂಡರು. ಬೆಳೆ ನಷ್ಟವಾಗಲಿಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು.

"ಹತ್ತು ಹೆಜ್ಜಿ ನೆಲದಾಗ ಏನ ನಷ್ಟವ್ವಾ? ಊರಾಗಿನ ಅಷ್ಟೂ ಹೊಲ ಬಿಟ್ಟು ಅದು ನನ್ನ ಹೊಲಕ್ಕ ಬಂದೈತಿ."

ಹೊನ್ನೂರಪ್ಪ ಕಾಲೇಜಿನ ದಾಖಲೆ ಪುಸ್ತಕದಲ್ಲಿ 'ಕಂಡವರು: ಶಿವಬಸಮ್ಮ, ದೇಶನೂರು' ಎಂದು ಬರೆದು ಓದಿ ಹೇಳಿದರು. ಎತ್ತು ತಡೆದವರ ಹೆಸರನ್ನೂ ಬರೆಯಿರಿ ಎಂದಳು ಅವಳು. ಗಂಡನ ಹೆಸರನ್ನು ಅವಳು ಹೇಳುವುದಿಲ್ಲವೆಂದು ತಿಳಿದು ಅವರೇ ನೆನಪಿನಿಂದ ಬರೆದರು.

ಮರಳುವ ಬಸ್ಸಿನಲ್ಲಿ ಪಕ್ಕದ ಹೆಂಗಸು, ಬಳ್ಳಾರಿಗೆ ದವಾಖಾನೆಗೆ ಬಂದಿದ್ದಿರೇ ಎಂದು ವಿಚಾರಿಸಿದಳು.

ಶಿವಬಸಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಇಲ್ಲಬೇ, ಕಾಲೇಜಿನಾಗ ಪಾಠ ಹೇಳಾಕ ಹೋಗಿದ್ದೆ."