ಸ್ವೀಕೃತಿ

ಬಿಟ್ಟುಬಿಟ್ಟೆ ಎಂದು ಹೇಳುವುದಕ್ಕೂ ಮೂರು ಪ್ರತಿ ಬೇಕೆಂದು ಅವನಿಗೆ ಗೊತ್ತಿರಲಿಲ್ಲ. ವಿಶ್ವವಿದ್ಯಾಲಯದ ಕಚೇರಿಯ ಕೌಂಟರಿನ ಮೇಲೆ ಬಗ್ಗಿ ಮೂರನೆಯದಕ್ಕೂ ಸಹಿ ಹಾಕಿದ. ಮೂರೂ ಸಹಿ ಒಂದೇ ಥರ ಬಂದವು. ಅದಕ್ಕೆ ಒಳಗೊಳಗೇ ಕೊಂಚ ಪಿಚ್ಚೆನಿಸಿತು.

ಹತ್ತೊಂಬತ್ತು ವರ್ಷ. ಅಂಚೆಯ ಚರಿತ್ರೆಯ ಮೇಲೆ ಡಾಕ್ಟರೇಟಿಗೆಂದು ಹಿಡಿದ ಪ್ರಬಂಧ ಐದನೆಯ ಅಧ್ಯಾಯದಲ್ಲಿ ನಿಂತು, ನಿಂತಲ್ಲೇ ಹಳಸಿತ್ತು. ಮಾರ್ಗದರ್ಶಕರು ನಿವೃತ್ತರಾಗಿ, ಆಮೇಲೆ ತೀರಿಯೂ ಹೋಗಿದ್ದರು. ಜೊತೆಯಲ್ಲಿ ಸೇರಿದವರು ಈಗ ಅವನು ಪಾಠ ಹೇಳುವ ಕಾಲೇಜಿಗೇ ಪರೀಕ್ಷಕರಾಗಿ ಬಂದು, ಬೆನ್ನು ತಟ್ಟಿ, "ಎಲ್ಲಿಗೆ ಬಂತು?" ಎನ್ನುತ್ತಿದ್ದರು. "ಮುಗೀತಾ ಬಂತು" ಎನ್ನುತ್ತಿದ್ದ.

ಹೋದ ವಾರ ಗಣಿತದ ಮೇಷ್ಟ್ರು, ಸಿಗರೇಟು ಬಿಟ್ಟ ಹೊಸ ಉತ್ಸಾಹದಲ್ಲಿ, "ಉಪಯೋಗಕ್ಕೆ ಬಾರದ್ದನ್ನ ಬಿಟ್ಟುಬಿಡಿ ಸ್ವಾಮಿ. ಹಗುರಾಗ್ತೀರಿ" ಎಂದಿದ್ದರು. ಆ ಮಾತು ಎಂಟು ದಿನ ಅವನನ್ನು ನಿದ್ದೆ ಮಾಡಗೊಟ್ಟಿರಲಿಲ್ಲ.

ಗುಮಾಸ್ತೆ ಅರ್ಜಿ ಓದಿದಳು. ಒಳಗೆ ಹೋಗಿ ಒಂದು ಕಡತ ತಂದಳು.

"ನಿಮ್ಮ ನೋಂದಣಿ ರದ್ದಾಗಿದೆಯಲ್ಲ ಸರ್."

"ಯಾವಾಗ?"

"ಹನ್ನೊಂದು ವರ್ಷ ಆಯ್ತು. ರಿಜಿಸ್ಟರ್ಡ್ ಪೋಸ್ಟಲ್ಲಿ ಪತ್ರ ಕಳಿಸಿದ್ದಾರೆ."

"ನನಗೆ ಬಂದಿಲ್ಲ."

"ಬಂದಿದೆ. ಸ್ವೀಕೃತಿ ಇಲ್ಲಿದೆ ನೋಡಿ."

ಹಳದಿಯಾದ ಚೀಟಿಯಲ್ಲಿ ಹೆಂಡತಿಯ ಸಹಿ ಇತ್ತು. ದುಂಡಗೆ, ಅವಸರವಿಲ್ಲದೆ.

"ಹಾಗಾದರೆ ಈ ಅರ್ಜಿ?"

"ಇಲ್ಲದ್ದನ್ನ ಹೇಗೆ ಸರ್ ಬಿಡೋದು?" ಅವಳು ಮೂರೂ ಪ್ರತಿಗಳನ್ನು ಅಂಚು ಸರಿಮಾಡಿ ವಾಪಸು ಕೊಟ್ಟಳು. "ಹಿಂದುಗಡೆ ಖಾಲಿ ಇದೆ. ಬರೆಯೋಕೆ ಆಗುತ್ತೆ."

ಅವನು ಮನೆಗೆ ಬಂದಾಗ ಹೆಂಡತಿ ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಅವಳದು ಮಧ್ಯಾಹ್ನದ ಪಾಳಿ. ದಿನವಿಡೀ ಕಂಡವರ ರಕ್ತ ನೋಡುತ್ತಾಳೆ. ಮುಖ ನೋಡುವ ಅಗತ್ಯ ಬೀಳುವುದಿಲ್ಲ.

"ಬೇಗ ಬಂದ್ರಿ?"

"ಯೂನಿವರ್ಸಿಟಿಗೆ ಹೋಗಿದ್ದೆ."

ಇಸ್ತ್ರಿ ಪೆಟ್ಟಿಗೆ ಒಂದು ಕ್ಷಣ ನಿಂತಿತು. ಮತ್ತೆ ತೋಳಿನುದ್ದಕ್ಕೂ ಸರಿಯಿತು.

"ಗೊತ್ತಾಯ್ತಾ?"

"ಯಾಕೆ ಹೇಳಲಿಲ್ಲ?"

"ಅವತ್ತು ನೀವು ಮೂರನೇ ಅಧ್ಯಾಯ ಮುಗಿಸಿದ್ರಿ. ನಗ್ತಾ ಇದ್ರಿ."

"ಮಾರನೇ ದಿನ ಹೇಳಬಹುದಿತ್ತು."

"ಹೇಳಬಹುದಿತ್ತು."

ಮದುವೆಯಾದ ಹೊಸದರಲ್ಲಿ ಅವನೇ ಹೇಳಿದ್ದ: ಪ್ರಬಂಧ ಮುಗಿಯಲಿ, ಆಮೇಲೆ ಮಗು. ವರ್ಷ ವರ್ಷವೂ ಹೇಳಿದ್ದ. ವರ್ಷ ವರ್ಷವೂ ಅವಳು ತಲೆಯಾಡಿಸಿದ್ದಳು. ಅದನ್ನವನು ತ್ಯಾಗವೆಂದೇ ತಿಳಿದು, ತನ್ನ ಮನೆಯಲ್ಲೇ ತಪ್ಪಿತಸ್ಥನಂತೆ ತಲೆತಗ್ಗಿಸಿ ಓಡಾಡಿದ್ದ.

"ಆಗ ನಿನಗೆ ಮೂವತ್ತಮೂರು," ಎಂದ. ದನಿ ತನ್ನದಲ್ಲವೆನಿಸಿತು. "ಹೇಳಿದ್ದಿದ್ರೆ ಅವತ್ತೇ ಎಲ್ಲ ಬಿಟ್ಟುಬಿಡ್ತಿದ್ದೆ. ನಮಗೊಂದು ಮಗು ಆದರೂ..."

"ಅದಕ್ಕೇ ಹೇಳಲಿಲ್ಲ."

ಅವಳು ಕೋಟಿನ ಕಾಲರನ್ನು ಮಡಚಿ ಒತ್ತಿದಳು. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತಿತ್ತು.

"ನೀವು ಓದೋ ಕೋಣೆಯಿಂದ ಹೊರಗೆ ಬಂದುಬಿಟ್ರೆ ಏನ್ ಮಾಡೋದು ಅಂತ ಭಯ ಆಯ್ತು ರೀ," ಎಂದಳು. "ಊಟ ಅಡುಗೆಮನೆಯಲ್ಲಿದೆ."

ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹಾಕಿಕೊಂಡಮೇಲೆ, ಅವಳಿಗೆ ಬೇಕಾದದ್ದೂ ಇದೇ ಎಂದು ಹೊಳೆದು, ಬಾಗಿಲನ್ನು ಮತ್ತೆ ತೆಗೆದಿಟ್ಟ.

ಸರಿ, ಹಗುರಾಗಬೇಕು. ಟಿಪ್ಪಣಿಗಳನ್ನು ಗೋಣಿಚೀಲಕ್ಕೆ ತುರುಕಿದ. ಅಂಚೆಚೀಟಿಗಳ ನಕಲು, ನಕಾಶೆ, ವಿಳಾಸ ಸಿಗದೆ ಉಳಿದ ಕಾಗದಗಳ ಪಟ್ಟಿ, ಕೊನೆಗೆ ತಾನೇ ಬರೆದ ನಾನೂರು ಪುಟ. ನಾಲ್ಕು ಚೀಲ ತುಂಬಿದವು. ಒಂದೊಂದಾಗಿ ಎಳೆದು ಹೊರಗಿಟ್ಟ. ಪ್ರತಿ ಚೀಲಕ್ಕೂ ಒಂದು ಕ್ಷಣ ನಿಂತು ಎದೆಯೊಳಗೆ ಕಿವಿಗೊಟ್ಟ. ಸುಖದ ಸುಳಿವಿರಲಿಲ್ಲ. ಸೊಂಟ ಹಿಡಿದಿತ್ತು, ಅಷ್ಟೆ.

ಉಳಿದದ್ದು ಗೋಡೆಯಗಲದ ಬೀರು. ಖಾಲಿಯಾದ ಅದನ್ನು ಬೆನ್ನುಕೊಟ್ಟು ನೂಕಿದ. ಅದು ಕಿರುಗುಟ್ಟುತ್ತ ಸರಿಯಿತು. ಹಿಂದೆ ಒಂದು ಕಿಟಕಿ ಇತ್ತು.

ಮರೆತೇಹೋಗಿತ್ತು. ಈ ಮನೆಗೆ ಬಂದ ವಾರವೇ, ಓದುವಾಗ ಪಕ್ಕದ ಖಾಲಿ ಸೈಟಿನಾಚೆ ಬೀದಿ ಕಾಣುತ್ತದೆ, ಗಮನ ಕೆಡುತ್ತದೆ ಎಂದು ಅವನೇ ಬೀರು ಅಡ್ಡವಿಟ್ಟು ಮುಚ್ಚಿದ್ದ. ಆಗ ಬೀದಿಯಾಚೆ ಮೈದಾನವಿತ್ತು. ಸಂಜೆ ಹುಡುಗಿಯರು ಸೈಕಲ್ ಕಲಿಯುತ್ತಿದ್ದರು. ಅವನ ಎದೆ, ಇಡೀ ದಿನದಲ್ಲಿ ಮೊದಲ ಸಲ, ಡವಡವ ಹೊಡೆದುಕೊಂಡಿತು. ತುಕ್ಕು ಹಿಡಿದ ಚಿಲಕವನ್ನು ಅಂಗೈ ತರಚುವವರೆಗೆ ಜಗ್ಗಿ, ಬಾಗಿಲೆರಡನ್ನೂ ಒಳಕ್ಕೆಳೆದ.

ಇಟ್ಟಿಗೆ.

ಸರಳುಗಳಿಗೆ ಒಂದು ಗೇಣು ದೂರದಲ್ಲಿ, ಗಾರೆ ಕಾಣದ ಗೋಡೆ. ಮೇಲೆ ನೋಡಿದ, ಕೆಳಗೆ ನೋಡಿದ. ಅದು ಮುಗಿಯುವ ಜಾಗ ಕಾಣಲಿಲ್ಲ. ಯಾರು ಕಟ್ಟಿದರೋ, ಯಾವ ವರ್ಷವೋ. ಅವನು ಇಲ್ಲೇ ಕುಳಿತು ಬರೆಯುತ್ತಿದ್ದಾಗ ಒಂದೊಂದಾಗಿ ಎದ್ದಿರಬೇಕು.

ಹೊರಗಿನ ಕೋಣೆಯಿಂದ, ಚಪ್ಪಲಿ ಮೆಟ್ಟುತ್ತ, ಹೆಂಡತಿ ಕೇಳಿದಳು: "ಕಿಟಕಿ ತೆಗೆದ್ರಾ? ಗಾಳಿ ಬರ್ತಿದೆಯಾ?"

ಅವನು ಸರಳಿನ ನಡುವೆ ಕೈ ತೂರಿಸಿ, ತರಚಿದ ಅಂಗೈಯನ್ನು ತಣ್ಣಗಿನ ಇಟ್ಟಿಗೆಗೆ ಒತ್ತಿ ಹಿಡಿದ.

"ಬರ್ತಿದೆ," ಎಂದ.